ಕುಡಿಯದೆ ಹಂಚಿದವಳು

ಅಕ್ಟೋಬರ್ 20, ಸೋಮವಾರ

ದೀಪಾವಳಿಯ ನೋನಿ ಹಬ್ಬ ಮುಗಿಯಿತು. ಸೌಟು ಹಿಡಿದು ಹಿಡಿದು ಬಲಗೈ ಎತ್ತಲಾಗುತ್ತಿಲ್ಲ. ಆದರೂ ಎರಡು ಸಾಲು ಬರೆಯದೆ ಮಲಗಿದರೆ ನನಗೆ ನಿದ್ದೆ ಹತ್ತುವುದಿಲ್ಲ.

ಭೂತನ ಕಲ್ಲಿನ ಮುಂದೆ ಪಾನಕ ಹಂಚುವ ಕೆಲಸ ಈ ವರ್ಷವೂ ನನ್ನದೇ. ಪಾತ್ರಿಯ ಮನೆಯ ಹಿರಿಯ ಹೆಣ್ಣುಮಗಳು ಹಂಚಬೇಕು, ಹಂಚಿದವಳು ಕುಡಿಯಬಾರದು. ನಮ್ಮ ಕೇರಿಯಲ್ಲಿ ಹೀಗೇ ನಡೆದುಕೊಂಡು ಬಂದಿದೆ. ಮೈಮೇಲೆ ಭೂತ ಬರುವ ಪಾತ್ರಿ ಬೂತಪ್ಪ ನನ್ನ ದೊಡ್ಡಪ್ಪ. ಅವನಿಗೆ ಹೆಣ್ಣುಮಕ್ಕಳಿಲ್ಲ, ಹಾಗಾಗಿ ಸೌಟು ನನ್ನ ಕೈಗೆ. ಭಂಗಿ ಸೊಪ್ಪು ನುಣ್ಣಗೆ ಅರೆದು, ಬೆಲ್ಲ, ಕಾಳುಮೆಣಸು, ಏಲಕ್ಕಿ ಹಾಕಿ, ತೆಂಗಿನಹಾಲು ಬೆರೆಸಿದ ಪಾನಕ. ಮೊದಲು ಭೂತನಿಗೆ, ಆಮೇಲೆ ಕೇರಿಗೆಲ್ಲ. ಸೊಪ್ಪು ಎಲ್ಲಿಂದ ತರುತ್ತಾನೆ ಎಂದು ದೊಡ್ಡಪ್ಪನನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳಿಲ್ಲ. ಜೂನ್‌ನಲ್ಲಿ ಮಾದಕ ವಸ್ತು ವಿರೋಧಿ ಜಾಥಾ ಆದಾಗ ಶೆಟ್ಟಿಕೊಪ್ಪದ ಬಸ್‌ಸ್ಟ್ಯಾಂಡಿನ ತನಕ ಬ್ಯಾನರ್ ಹಿಡಿದು ನಡೆದವಳು ನಾನೇ. ಅದು ಬೇರೆ. ಇದು ದೇವರ ಕೆಲಸ.

ಈ ಸಲ ಜನ ಕಿಕ್ಕಿರಿದು ಬಂದಿದ್ದರು. ಕೋಲಿಲ್ಲದೆ ನಿಲ್ಲಲಾಗದ ಯಲ್ಲಕ್ಕಜ್ಜಿಯೂ ಲೋಟ ಹಿಡಿದು ಬಂದಳು. ಬಂದೋಬಸ್ತಿಗೆ ಬಂದಿದ್ದ ಪೊಲೀಸ್ ವೀರಪ್ಪ ಟೋಪಿ ಕಂಕುಳಿಗೆ ಸಿಕ್ಕಿಸಿಕೊಂಡು ಕೈಯೊಡ್ಡಿದರು, ಒಂದಲ್ಲ, ಎರಡು ಸಲ.

ನನ್ನ ತಮ್ಮ ಲೋಕೇಶ ಮಾತ್ರ ನಾಪತ್ತೆ. ಬೆಳಿಗ್ಗೆಯೇ ಬೈಕ್ ಹತ್ತಿ ಮೇಗುಂದದ ಗೆಳೆಯ ನವೀನನ ಜೊತೆ ಹೋದವನು. ದೊಡ್ಡಪ್ಪ ಕೇಳಿಯೇ ಕೇಳಿದ, "ಹುಡ್ಗ ಎಲ್ಲೇ, ಹುಡ್ಗ ಎಲ್ಲೇ" ಅಂತ. ಅವನ ಪಾಲೆಂದು ಎತ್ತಿಟ್ಟಿದ್ದ ಲೋಟವನ್ನು ಕಡೆಗೆ ದೊಡ್ಡಪ್ಪನೇ ಕುಡಿದು ಮುಗಿಸಿದ. ಲೋಕೇಶ ಮನೆಗೆ ಬಂದದ್ದು ದೀಪ ಹಚ್ಚಿದ ಮೇಲೆ. ಚೆನ್ನಾಗಿ ಉಗಿದೆ. ಅಡಿಕೆ ಮರ ಹತ್ತುವ ಹುಡುಗ ಕರೆಂಟ್ ಕಂಬ ಹತ್ತುವ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ತುದಿ ಮುಟ್ಟಿ ಇಳಿದಿದ್ದಾನೆ, ಪವರ್‌ಮನ್ ಕೆಲಸದ ಪಟ್ಟಿಯಲ್ಲಿ ಹೆಸರು ಬಂದಿದೆ, ಇನ್ನು ಪೊಲೀಸರು ನಡತೆ ಸರಿಯಿದೆ ಎಂದು ಬರೆದುಕೊಟ್ಟರೆ ಆಯಿತು. ಇಂಥ ಹೊತ್ತಿನಲ್ಲಿ ಭೂತನಿಗೆ ಕೈ ಮುಗಿಯಲು ಪುರುಸೊತ್ತಿಲ್ಲವಂತೆ ಸಾಹೇಬರಿಗೆ.

ಅಕ್ಟೋಬರ್ 22, ಬುಧವಾರ

ನಿನ್ನೆ ಬರೆಯಲಿಲ್ಲ. ಠಾಣೆಯಲ್ಲಿದ್ದೆ.

ಬರೆಯಲೂ ನಾಚಿಕೆಯಾಗುತ್ತದೆ. ಲೋಕೇಶ, ನವೀನ ಇಬ್ಬರನ್ನೂ ಹಿನ್ನೀರಿನ ದಂಡೆಯಲ್ಲಿ ಪೊಲೀಸರು ಹಿಡಿದಿದ್ದಾರೆ. ಗಾಂಜಾ ಸೇದುತ್ತಿದ್ದರಂತೆ. ಸಾರ್ವಜನಿಕ ಸ್ಥಳದಲ್ಲಿ ಮಾದಕ ವಸ್ತು ಸೇವನೆ ಶಿಕ್ಷಾರ್ಹ ಎಂದು ಅಲ್ಲೇ ಬೋರ್ಡ್ ಹಾಕಿದ್ದಾರೆ. ಈ ಮಹಾನುಭಾವರು ಅದೇ ಬೋರ್ಡಿಗೆ ಬೈಕ್ ಒರಗಿಸಿದ್ದರು! ಜೀಪ್ ಕಂಡ ಕೂಡಲೇ ಕೈಯಲ್ಲಿದ್ದದ್ದನ್ನು ನೀರಿಗೆ ಎಸೆದರು. ಎಸೆದರೆ ಏನು ಬಂತು? ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ ಮಾಡಿಸಿದರು. ಇಬ್ಬರದ್ದೂ ಪಾಸಿಟಿವ್. ಕೈಯಲ್ಲಿ ಏನೂ ಸಿಗದಿದ್ದರೂ ಮೂತ್ರದಲ್ಲಿ ಸಿಕ್ಕರೆ ಸೇವನೆಯ ಕೇಸ್ ಆಗುತ್ತದಂತೆ. ಕೇಸ್ ಹಾಕಿ ಠಾಣೆಯಲ್ಲೇ ಜಾಮೀನು ಕೊಟ್ಟು ಬಿಟ್ಟರು.

ಠಾಣೆಯ ಮೆಟ್ಟಿಲಿಳಿದವನೇ "ಒಂದೇ ಸಲ ಅಕ್ಕ" ಎಂದ.

"ಎಷ್ಟ್ನೇ ಒಂದೇ ಸಲ?" ಎಂದು ಕೇಳಿದೆ. ಕೆನ್ನೆಗೆ ಬಾರಿಸಿದೆ, ಅಲ್ಲೇ, ಜನರ ಎದುರಿಗೇ. ಅಪ್ಪ ಸತ್ತಾಗ ಇವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಮ್ಮ ಎಸ್ಟೇಟಿಗೆ ಕೂಲಿಗೆ ಹೋದರೆ ಇವನನ್ನು ನಾನು ಟೀಚರ್ ಆಗಿರುವ ಅಂಗನವಾಡಿಗೆ ಕರೆದುಕೊಂಡು ಹೋಗಿ ಅಲ್ಲಿನ ಮಕ್ಕಳ ಜೊತೆಯೇ ಕೂರಿಸಿಕೊಂಡು ಸಾಕಿದ್ದೇನೆ. ಇವತ್ತಿನ ತನಕ ಕೈ ಎತ್ತಿದ್ದೇ ಇಲ್ಲ.

ಅಮ್ಮ ಒಂದೇ ಸಮನೆ ಅಳುತ್ತಿದ್ದಾಳೆ. ನನಗೆ ಅಳು ಬರುತ್ತಿಲ್ಲ, ಮೈ ಉರಿಯುತ್ತಿದೆ. ಮಾಡಿದವನು ಉಣ್ಣಲಿ. ನನ್ನ ತಮ್ಮ ಅಂದ ಮಾತ್ರಕ್ಕೆ ಅವನಿಗೊಂದು ಬೇರೆ ಕಾನೂನು ಮಾಡಲು ಬರುವುದಿಲ್ಲ.

ಅಕ್ಟೋಬರ್ 23, ಗುರುವಾರ

ಬೆಳಿಗ್ಗೆ ಅಂಗನವಾಡಿಯಲ್ಲಿ ತಾಯಂದಿರೆಲ್ಲ ಗುಸುಗುಸು. ನಾನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಮೊಟ್ಟೆಯ ವಿಚಾರ ಮಾತಾಡತೊಡಗಿದರು. ಬ್ಯಾನರ್ ಹಿಡಿದ ಟೀಚರ್ ಮನೆಯಲ್ಲೇ ಹೀಗೆ ಎಂದು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಹಾಜರಿಗೆಂದು ಆ್ಯಪ್‌ನಲ್ಲಿ ಬಾಣಂತಿಯರ ಮುಖ ಹಿಡಿಸುವ ಕೆಲಸ ಇವತ್ತೂ ಆಗಲಿಲ್ಲ, ನೆಟ್‌ವರ್ಕ್ ಇಲ್ಲ. ಪಕ್ಕದ ಕೇಂದ್ರದವಳು ಫೋನ್ ಮಾಡಿ, "ಬಂದ್ರು ಅಂತ ಹಾಕಿ ಕಳ್ಸೇ ಮಾರಾಯ್ತಿ, ಯಾರ್ ನೋಡ್ತಾರೆ" ಎಂದಳು. ಬಾರದವರನ್ನು ಬಂದರೆಂದು ಬರೆಯುವ ಅಭ್ಯಾಸ ನನಗಿಲ್ಲ, ಹಾಗೆಂದೇ ಹೇಳಿದೆ.

ಮಧ್ಯಾಹ್ನ ಅಮ್ಮನ ಹಟಕ್ಕೆ ಕೊಪ್ಪಕ್ಕೆ ಹೋಗಿ ವಕೀಲ ಯೋಗೇಂದ್ರರನ್ನು ಕಂಡೆವು. ಲೋಕೇಶ ಒಳಗೆ ಬರಲಿಲ್ಲ, ಹೊರಗೆ ಬೈಕಿನ ಹತ್ತಿರವೇ ನಿಂತಿದ್ದ. ಕೇಸ್ ಇದ್ದರೆ ನಡತೆ ಪರಿಶೀಲನೆಯಲ್ಲಿ ಬರೆದೇ ಬರೆಯುತ್ತಾರೆ, ಕೆಲಸ ಹೋದ ಹಾಗೇ ಎಂದರು ವಕೀಲರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಹುಡುಗ ಹಬ್ಬದ ದಿನ ಭೂತನ ಪಾನಕ ಕುಡಿದಿದ್ನಾ?" ಎಂದು ಕೇಳಿದರು.

"ಅದ್ಯಾಕೆ?" ಎಂದೆ.

"ನೋಡಿ, ಈ ಕಾಯ್ದೆ ಪ್ರಕಾರ ಗಾಂಜಾ ಅಂದ್ರೆ ಹೂವು, ತೆನೆ. ಬರೀ ಎಲೆ ಗಾಂಜಾ ಅಲ್ಲ. ನಿಮ್ಮ ಪಾನಕಕ್ಕೆ ಹಾಕೋದು ಎಲೆ. ಮೂತ್ರ ಪರೀಕ್ಷೆಗೆ ಎಲೆ ಯಾವ್ದು ಹೂವು ಯಾವ್ದು ಅಂತ ಗೊತ್ತಾಗಲ್ಲ. ಹಿಂದಿನ ದಿನ ಪಾನಕ ಕುಡಿದಿದ್ದ ಅಂತಾದ್ರೆ ಕೇಸ್ ನಿಲ್ಲೋದು ಕಷ್ಟ. ಎಲೆಗೆ ಅಬಕಾರಿಯವ್ರದ್ದು ಬೇರೆ ಕಾನೂನು ಇದೆ, ಅದನ್ನ ನಾವಾಗೇ ಕೆದಕೋದು ಬೇಡ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಕುಡ್ದಿದ್ದ ಸ್ವಾಮಿ, ಕುಡೀದೆ ಎಂತ" ಎಂದುಬಿಟ್ಟಳು.

"ನೋಡಿದವ್ರು ಯಾರು?"

"ಇವ್ಳೇ ಹಂಚಿದ್ದು."

ಹಂಚಿದವಳು ಕುಡಿಯುವ ಹಾಗಿಲ್ಲ ಎಂದು ಅಮ್ಮ ಪದ್ಧತಿಯನ್ನೂ ವಿವರಿಸಿದಳು. ವಕೀಲರಿಗೆ ಖುಷಿಯೋ ಖುಷಿ. "ಹಾಗಿದ್ರೆ ಸಾಕ್ಷಿ ನೀವೇ ಟೀಚರ್. ಉಳಿದವರೆಲ್ಲ ಕುಡಿದವರು. ನೆಟ್ಟಗಿದ್ದವರು ನೀವೊಬ್ಬರೇ" ಎಂದರು.

ನಾನು ಏನೂ ಹೇಳಲಿಲ್ಲ. ಸುಮ್ಮನಿರುವುದು ಸುಳ್ಳು ಹೇಳಿದ ಹಾಗಲ್ಲ. ಅಷ್ಟಕ್ಕೂ ಆ ಗಲಾಟೆಯಲ್ಲಿ ಯಾರು ಬಂದರು ಯಾರು ಹೋದರು ಎಂದು ಯಾರಿಗೆ ಗೊತ್ತು.

ಅಕ್ಟೋಬರ್ 24, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು. ಇಂಥ ದಿನ ಇನ್ನೊಮ್ಮೆ ಬರುವುದಿಲ್ಲ.

ವಕೀಲರು ಹೇಳಿದ್ದನ್ನು ಅಮ್ಮ ನಿನ್ನೆ ಸಂಜೆಯೇ ಕೇರಿಗೆಲ್ಲ ಹೇಳಿ ಬಂದಿದ್ದಳು. ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ಅಂಗಳದ ತುಂಬ ಜನ. ಕೆಲಸಕ್ಕೂ ಹೋಗಿಲ್ಲ ಯಾರೂ. ಮಧ್ಯದಲ್ಲಿ ದೊಡ್ಡಪ್ಪ, ಹೆಗಲಿಗೆ ಕೆಂಪು ಶಾಲು.

"ಭೂತನ ಪ್ರಸಾದ ಕುಡ್ದಿದ್ದಕ್ಕೆ ಕೇಸಾ? ಹಂಗಾರೆ ಮೊದ್ಲು ನನ್ಮೇಲೆ ಹಾಕ್ಲಿ. ಎರಡು ಲೋಟ ಕುಡ್ದಿದೀನಿ ನಾನು!" ಎಂದು ಕೂಗುತ್ತಿದ್ದ. ಎರಡನೆಯ ಲೋಟ ಯಾರದ್ದೆಂದು ಅವನಿಗೆ ಗೊತ್ತಿಲ್ಲ. ಮೈಮೇಲೆ ಭೂತ ಬಂದ ದಿನದ್ದು ಅವನಿಗೆ ಯಾವತ್ತೂ ಪೂರ್ತಿ ನೆನಪಿರುವುದಿಲ್ಲ.

"ಹೌದು ಕಣಾ, ನಮ್ದೂ ಪರೀಕ್ಷೆ ಮಾಡ್ಲಿ" ಎಂದರು ಯಾರೋ. ಅಷ್ಟೇ. ಎರಡು ಪಿಕಪ್ ಜೀಪ್‌ಗಳಲ್ಲಿ ಕೇರಿಗೆ ಕೇರಿಯೇ ಹೊರಟಿತು. ಲೋಕೇಶನಿಗೆ ಮನೆಯಲ್ಲೇ ಬಿದ್ದಿರು ಎಂದು ಹೇಳಿ ನಾನೂ ಹತ್ತಿದೆ. ಹತ್ತದೆ ಏನು ಮಾಡಲಿ, ನನ್ನ ಮನೆಯ ಹುಡುಗನಿಗಾಗಿ ಎಲ್ಲರೂ ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ದಂಗಾದರು. ಪೊಲೀಸರ ಪತ್ರ ಇಲ್ಲದೆ ಈ ಪರೀಕ್ಷೆ ಮಾಡುವ ಹಾಗಿಲ್ಲ ಎಂದರು.

ಯಲ್ಲಕ್ಕಜ್ಜಿ, "ಉಚ್ಚೆ ಹೊಯ್ಯಕ್ಕೂ ಪೊಲೀಸ್ರ ಪತ್ರ ಬೇಕನಾ? ಎಂತ ಕಾಲ ಬಂತು ಮಾರಾಯ!" ಎಂದಳು. ನರ್ಸ್‌ಗಳು ಬಾಯಿಗೆ ಸೆರಗು ಹಿಡಿದು ನಕ್ಕರು.

ಸರಿ, ಪತ್ರ ತರಲು ಠಾಣೆಗೆ. ಎಸ್ಸೈ ಇನ್ನೂ ಹುಡುಗ, ಮೃದು ಮಾತಿನವರು. ಹೊರಗೆ ಬಂದು, "ಏನ್ ವಿಷಯ ಅಜ್ಜಿ?" ಎಂದರು.

"ನಮ್ಮೇಲೂ ಕೇಸ್ ಹಾಕಿ ಸ್ವಾಮಿ. ನಾವೂ ಕುಡ್ದಿದೀವಿ. ಇವ್ರದ್ದೂ ಪರೀಕ್ಷೆ ಮಾಡ್ಸಿ, ಎರಡ್ ಸಲ ಕೈ ಒಡ್ಡಿದ್ದು ಇವ್ರೇ" ಎಂದು ಅಜ್ಜಿ ಕೋಲಿನಿಂದ ವೀರಪ್ಪರನ್ನು ತೋರಿಸಿದಳು. ವೀರಪ್ಪ ಗೋಡೆಯ ಕ್ಯಾಲೆಂಡರ್‌ನಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದರು. ಎಸ್ಸೈ ಅವರನ್ನು ನೋಡಿದರು, ತುಟಿ ಕಚ್ಚಿಕೊಂಡರು, ಮತ್ತೆ ಗಂಭೀರವಾದರು. ಅಷ್ಟು ಜನರಲ್ಲಿ ನಗದೆ ಇದ್ದವಳು ನಾನೊಬ್ಬಳೇ.

ಎಸ್ಸೈ ನನ್ನ ಕಡೆ ತಿರುಗಿದರು. "ಟೀಚರ್, ಜಾಥಾದಲ್ಲಿ ಮುಂದೆ ಇದ್ದೋರು ನೀವು. ನಿಮ್ಮ ಮಾತು ನಾನು ನಂಬ್ತೀನಿ. ನಿಮ್ಮ ತಮ್ಮ ಅವತ್ತು ಪಾನಕ ಕುಡಿದಿದ್ದು ಹೌದಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಲ್ಲಕ್ಕಜ್ಜಿ ಬಿಸಿಲಲ್ಲಿ ನಿಂತು ನಡುಗುತ್ತಿದ್ದಳು.

"ಹೌದು" ಎಂದೆ. "ನಾನೇ ಕೊಟ್ಟೆ."

ಏನು ಹೇಳಬೇಕಿತ್ತು ಮತ್ತೆ? ಬಂದವರಿಗೆಲ್ಲ ಕೊಟ್ಟಿದ್ದೇನೆ, ಅದರಲ್ಲಿ ಅವನೂ ಬಂದಿರಬಹುದು. ಒಂದಷ್ಟು ಹೊತ್ತು ನಾನು ಬೆಲ್ಲ ತರಲು ಒಳಗೆ ಹೋಗಿದ್ದೆ, ಆಗ ಬಂದು ತಾನೇ ಎತ್ತಿಕೊಂಡಿರಲೂಬಹುದು. ಪಾನಕ ನನ್ನದು ಅಂದ ಮೇಲೆ ಕೊಟ್ಟವಳು ನಾನೇ ಆದ ಹಾಗಾಯಿತು.

ಅಕ್ಟೋಬರ್ 25, ಶನಿವಾರ

ನಿನ್ನೆ ಠಾಣೆಯಿಂದ ಪತ್ರ ಸಿಗಲಿಲ್ಲ. ವಕೀಲರು ಹೇಳಿದಂತೆ ಪೇಟೆಯ ಖಾಸಗಿ ಲ್ಯಾಬ್‌ನಲ್ಲೇ ಕೆಲವರದ್ದು ಮಾಡಿಸಿದ್ದೆವು. ಇವತ್ತು ರಿಪೋರ್ಟ್ ಬಂತು. ದೊಡ್ಡಪ್ಪ ಪಾಸಿಟಿವ್. ಅಮ್ಮ ಪಾಸಿಟಿವ್. ಯಲ್ಲಕ್ಕಜ್ಜಿಯಂತೂ ತನ್ನ ರಿಪೋರ್ಟನ್ನು ಕವರಿಗೆ ಹಾಕಿಸಿಕೊಂಡು ಮನೆಮನೆಗೆ ತೋರಿಸುತ್ತಿದ್ದಾಳೆ, ಎಸ್ಸೆಸ್ಸೆಲ್ಸಿ ಪಾಸಾದವಳ ಹಾಗೆ.

ಸುಬ್ಬಯ್ಯನದು ನೆಗೆಟಿವ್! ವರ್ಷವೂ ಭೂತನ ಕಲ್ಲಿನ ಎದುರು ಉದ್ದಂಡ ಬೀಳುವವನು, ಪಾನಕವನ್ನು ಬೇಲಿಯ ಆಚೆ ಚೆಲ್ಲುತ್ತಿದ್ದನಂತೆ. ಹೆಂಡತಿಯ ಭಯ. ಕೇರಿಯ ಗಂಡಸರು ಅವನನ್ನು ಇನ್ನು ಬದುಕಲು ಬಿಡುವುದಿಲ್ಲ. ನಾನೂ ನಕ್ಕೆ, ಎಷ್ಟೋ ದಿನಗಳ ಮೇಲೆ.

ನವೆಂಬರ್ 3, ಸೋಮವಾರ

ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡರು. ಎಸ್ಸೈ ಒಂದೊಂದೇ ಕೇಳಿದರು. ಯಾವ ಹೊತ್ತಿಗೆ ಬಂದ? ಪೂಜೆ ಮುಗಿದ ಮೇಲೆ, ಸ್ವಲ್ಪ ತಡವಾಗಿ. ಎಲ್ಲಿಂದ ಬಂದ? ಬಸರಿ ಮರದ ಹಿಂದಿನಿಂದ. ಯಾವ ಅಂಗಿ? ನೀಲಿ ಚೌಕಳಿಯದ್ದು. ಎಷ್ಟು ಕುಡಿದ? ಒಂದು ಲೋಟ, ಪೂರ್ತಿ.

ಕೇಳುತ್ತ ಹೋದ ಹಾಗೆ ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ನೆನಪಿಗೆ ಬಂತು. ಮೊದಲು ಯಾಕೆ ಅನುಮಾನಪಟ್ಟೆನೋ. ಸುಸ್ತಾಗಿತ್ತು ಅವತ್ತು, ಅದಕ್ಕೇ ಇರಬೇಕು.

ಅಂಗನವಾಡಿಗೆ ಹೊಸ ಕುಕ್ಕರ್ ಬಂದಿದೆ. ವಿಷಲ್ ಇಲ್ಲ.

ನವೆಂಬರ್ 11, ಮಂಗಳವಾರ

ವಕೀಲರ ಫೋನ್. ಎಸ್ಸೈ ಲೋಕೇಶನ ಮಟ್ಟಿಗೆ ಕೇಸ್ ಮುಚ್ಚುವ ಬಿ ರಿಪೋರ್ಟ್ ಹಾಕಲು ಒಪ್ಪಿದ್ದಾರಂತೆ. ನಡತೆ ಪರಿಶೀಲನೆಗೂ ತೊಂದರೆಯಿಲ್ಲ. ಅಮ್ಮ ಭೂತನ ಕಲ್ಲಿಗೆ ಹೋಗಿ ತೆಂಗಿನಕಾಯಿ ಒಡೆದು ಬಂದಳು.

ಸಿಹಿ ಅವಲಕ್ಕಿ ಮಾಡಿದೆ. ಲೋಕೇಶ ತಟ್ಟೆಯನ್ನು ಹಾಗೇ ದೂಡಿದ. "ಅಕ್ಕ, ಠಾಣೇಲಿ ನೀನು ಎಂತ ಹೇಳಿದೀಯ?" ಎಂದು ಕೇಳಿದ.

"ಇದ್ದಿದ್ ಹೇಳಿದೀನಿ."

"ನಾನೆಲ್ಲಿ ಇದ್ದೆ ಅವತ್ತು ಊರಲ್ಲಿ? ನೀನೇ ಅಲ್ದನಾ ಬೈದಿದ್ದು, ಬರ್ಲಿಲ್ಲ ಅಂತ?"

"ತಡವಾಗಿ ಬಂದಿದ್ದಕ್ಕೆ ಬೈದಿದ್ದು. ಬಾಯ್ಮುಚ್ಕೊಂಡು ತಿನ್ನು."

ಏನೋ ಹೇಳಲು ಹೊರಟವನು ಅಮ್ಮನ ಮುಖ ನೋಡಿ ತಟ್ಟೆ ಎಳೆದುಕೊಂಡ. ಆ ಹಾಳು ಸೊಪ್ಪು ಸೇದಿದರೆ ತಲೆ ನೆಟ್ಟಗೆ ಹೇಗಿರುತ್ತದೆ? ಮುಂಚೆ ಹೇಳಿದ್ದೆಲ್ಲ ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳುತ್ತಿದ್ದ ಹುಡುಗ. ಸೇದುವುದನ್ನು ಬಿಟ್ಟಿದ್ದೇನೆ ಎನ್ನುತ್ತಾನೆ. ನಂಬಿದ್ದೇನೆ.

ನವೆಂಬರ್ 19, ಬುಧವಾರ

ಇವತ್ತು ಮನಸ್ಸಿಗೆ ಒಂಥರಾ ಆಗಿದೆ.

ಅಂಗನವಾಡಿ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಹೆಂಗಸು ಬಂದು ಕಟ್ಟೆಯ ಮೇಲೆ ಕೂತರು. ನವೀನನ ತಾಯಿ ವನಜಮ್ಮ. ಮೇಗುಂದದಿಂದ ಎರಡು ಬಸ್ ಬದಲಿಸಿ ಬಂದಿದ್ದರು. ಮನೆಗೆ ಕರೆದುಕೊಂಡು ಬಂದು ಕಾಫಿ ಕೊಟ್ಟೆ. ಕಾಫಿ ಆರಿ ಹೋದರೂ ಲೋಟ ಮುಟ್ಟಲಿಲ್ಲ.

ನವೀನ ಶಾಲೆಯೊಂದರ ವ್ಯಾನ್ ಓಡಿಸುತ್ತಿದ್ದ. ಕೇಸ್ ಆಯಿತೆಂದು ಗೊತ್ತಾದ ದಿನವೇ ಬರಬೇಡ ಎಂದಿದ್ದಾರೆ. ಮುಂದಿನ ತಿಂಗಳು ಕೋರ್ಟ್. ಕೇಸ್ ಇಲ್ಲವೆಂದಾದರೆ ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರಂತೆ.

"ಇಬ್ರೂ ಒಂದೇ ಜಾಗದಲ್ಲಿ ಸಿಕ್ಕಿದ್ದು ಟೀಚರೇ. ನಿಮ್ ತಮ್ಮನ್ ಕೇಸ್ ಹೋತು, ನನ್ ಮಗಂದು ಉಳೀತು" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ ಕಾಲಿಗ್ ಬೀಳ್ತೀನಿ. ನವೀನಂಗೂ ಒಂದ್ ಲೋಟ ಕೊಟ್ಟೆ ಅಂತ ಹೇಳಿ. ಅವ್ರಿಬ್ರೂ ಅವತ್ತು ಜೊತೇಲೇ ಇದ್ರಂತೆ, ಅಷ್ಟು ಹೇಳಿದ್ರೆ ಸಾಕು" ಎಂದರು.

ಅವರ ಕೈಯೆಲ್ಲ ಅಡಿಕೆ ಸುಲಿದು ಒಡೆದುಹೋಗಿದೆ, ಅಮ್ಮನ ಕೈ ಹಾಗೆಯೇ. ಆದರೆ ಆಗದ ಮಾತನ್ನು ಹೇಗೆ ಹೇಳಲಿ?

"ವನಜಮ್ಮ, ಬೇರೆ ಎಂತ ಬೇಕಾದ್ರೂ ಕೇಳಿ. ಇಲ್ಲದ್ದನ್ನ ಇದೆ ಅಂತ ನಾನು ಹೇಳಲ್ಲ. ನವೀನ ಅವತ್ತು ನಮ್ ಕೇರಿಗೇ ಬಂದಿರ್ಲಿಲ್ಲ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು. ಲೋಕೇಶ ಒಳಗಿದ್ದವನು ಬಂದು, "ಬಸ್‌ಸ್ಟ್ಯಾಂಡಿಗೆ ಬಿಟ್ ಬತ್ತೀನಿ" ಎಂದು ಬೈಕ್ ತೆಗೆದ. ಬಸ್‌ಸ್ಟ್ಯಾಂಡಿಗೆ ಹೋದವನು ಅವರನ್ನು ಮೇಗುಂದದ ತನಕ ಬಿಟ್ಟು ಬಂದನಂತೆ.

ಸುಳ್ಳು ಸಾಕ್ಷಿ ಹೇಳು ಎಂದು ಕೇಳಲು ಎಷ್ಟು ಧೈರ್ಯ ಎಂದು ಮೊದಲು ಅನ್ನಿಸಿತು. ತಾಯಿ ಅಲ್ಲವೇ, ಮಕ್ಕಳ ಮುಂದೆ ಸರಿ ತಪ್ಪು ಕಾಣುವುದಿಲ್ಲ. ಬೇಜಾರು ಮಾಡಿಕೊಳ್ಳಬಾರದು ಎಂದು ಸಮಾಧಾನ ಮಾಡಿಕೊಂಡೆ.

ನವೆಂಬರ್ 21, ಶುಕ್ರವಾರ

ಎಲ್ಲ ಹಾಳಾಯಿತು.

ಲೋಕೇಶ ನಮಗ್ಯಾರಿಗೂ ಹೇಳದೆ ಠಾಣೆಗೆ ಹೋಗಿ, "ನಾನು ಪಾನಕ ಕುಡಿದಿಲ್ಲ. ಆ ದಿನ ಊರಲ್ಲೇ ಇರ್ಲಿಲ್ಲ. ನಾವಿಬ್ರೂ ಸೇದಿದ್ದು ನಿಜ" ಎಂದು ಹೇಳಿ ಬಂದಿದ್ದಾನೆ. ನವೀನನ ಜೊತೆ ತಾನೂ ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುತ್ತಾನಂತೆ. ಅಮ್ಮ ನೆಲದ ಮೇಲೆ ಕೂತವಳು ಏಳಲಿಲ್ಲ. ಇವನಿಗೆ ಕೆಲಸ ಬಂದರೆ ಕೂಲಿ ಬಿಡುತ್ತೇನೆ ಎಂದು ಎಸ್ಟೇಟಿನ ಮೇಸ್ತ್ರಿಗೆ ಆಗಲೇ ಹೇಳಿದ್ದಳು.

ನಾನು ಕಿರುಚಾಡಿದೆ. ಎಷ್ಟು ಜನ ಬಿಸಿಲಲ್ಲಿ ನಿಂತರು ಇವನಿಗಾಗಿ!

"ಅದಕ್ಕೇ ಅಕ್ಕ" ಎಂದ. "ಯಲ್ಲಕ್ಕಜ್ಜಿ ನನ್ನ ಕಂಡಾಗೆಲ್ಲ ಭೂತ ಕಾಯ್ದ ಅಂತಾಳೆ. ತಲೆ ಎತ್ತಕ್ಕೆ ಆಗ್ತಿಲ್ಲ ನಂಗೆ. ಮೊನ್ನೆ ನವೀನನ ಅಮ್ಮ ಬೈಕಲ್ಲಿ ದಾರಿ ತುಂಬ ಒಂದ್ ಮಾತೂ ಆಡ್ಲಿಲ್ಲ."

ಸಂಜೆ ವಕೀಲರು ಫೋನ್ ಮಾಡಿದರು. ನನ್ನ ಹೇಳಿಕೆ ಏನಾಗುತ್ತದೆ ಎಂದು ಕೇಳಿದೆ. ಎಸ್ಸೈ ಒಳ್ಳೆಯವರು, ಟೀಚರ್ ಜನಜಂಗುಳಿಯಲ್ಲಿ ಗಡಿಬಿಡಿ ಮಾಡಿಕೊಂಡಿದ್ದಾರೆ ಎಂದು ಬಿಟ್ಟುಬಿಡುತ್ತಾರಂತೆ. ಗಡಿಬಿಡಿಯಂತೆ! ನನಗೆ! ಇಷ್ಟು ವರ್ಷದಲ್ಲಿ ಒಂದು ಮಗುವಿನ ತೂಕ ಹೆಚ್ಚು ಕಡಿಮೆ ಬರೆದವಳಲ್ಲ ನಾನು.

ನವೆಂಬರ್ 28, ಶುಕ್ರವಾರ

ಮಾತಿಲ್ಲ ಮನೆಯಲ್ಲಿ. ಬರೆಯಲೂ ಮನಸ್ಸಿಲ್ಲ.

ಡಿಸೆಂಬರ್ 8, ಸೋಮವಾರ

ಕೋರ್ಟ್ ಮುಗಿಯಿತು. ಇಬ್ಬರೂ ಒಪ್ಪಿಕೊಂಡರು. ದಂಡ ಹಾಕಿ, ಸಂಜೆ ಕೋರ್ಟ್ ಏಳುವ ತನಕ ಅಲ್ಲೇ ಕೂರಿಸಿ ಕಳಿಸಿದರು. ಇಲಾಖೆಗೆ ಒಂದು ಮನವಿ ಬರೆಯೋಣ, ಹುಡುಗ ತಾನಾಗಿ ಒಪ್ಪಿಕೊಂಡಿದ್ದಾನೆ, ಕ್ಷಮಿಸಿದರೂ ಕ್ಷಮಿಸಬಹುದು ಎಂದರು ವಕೀಲರು. ಆಗುತ್ತದೆ ಎಂದು ಅವರ ದನಿಯಲ್ಲಿ ಇರಲಿಲ್ಲ. ನಾಳೆಯಿಂದ ಲೋಕೇಶ ಮತ್ತೆ ಅಡಿಕೆ ಕೊನೆ ಕೊಯ್ಲಿಗೆ ಹೋಗುತ್ತಾನೆ, ಬೇಗಾರಿನ ಕಡೆಯವರು ಕರೆದಿದ್ದಾರೆ. ನವೀನನನ್ನೂ ಕರೆದುಕೊಂಡು ಹೋಗುತ್ತಾನಂತೆ, ಕೊನೆ ಹೊರಲು.

ದೊಡ್ಡಪ್ಪ ಸಿಟ್ಟು ಮಾಡುತ್ತಾನೆ ಎಂದುಕೊಂಡಿದ್ದೆ. ಲೋಕೇಶ ಅವನ ಕಾಲಿಗೆ ಬಿದ್ದು ಇದ್ದದ್ದು ಇದ್ದ ಹಾಗೆ ಹೇಳಿದನಂತೆ. ದೊಡ್ಡಪ್ಪ, "ಹಂಗಾರೆ ನಾನು ಕುಡ್ದ ಎರಡ್ನೇ ಲೋಟ ನಿಂದೇನಾ!" ಎಂದು ಹೊಟ್ಟೆ ಹಿಡಿದು ನಕ್ಕನಂತೆ. ಇವರೆಲ್ಲ ಸೇರಿ ಯಾವುದನ್ನೂ ಗಟ್ಟಿಯಾಗಿ ಹಿಡಿಯುವವರಲ್ಲ.

ರಾತ್ರಿ ಊಟಕ್ಕೆ ಲೋಕೇಶ ಎರಡು ಸಲ ಅನ್ನ ಹಾಕಿಸಿಕೊಂಡ. ತಿಂಗಳ ಮೇಲಾಗಿತ್ತು ಅವನು ಹಾಗೆ ಉಂಡು. ಕೈ ತೊಳೆಯುವಾಗ, "ಅಕ್ಕ, ನನಗೋಸ್ಕರ ಹೇಳಿದ್ದು ಅಂತ ಗೊತ್ತು. ನಿನ್ಮೇಲೆ ಸಿಟ್ಟಿಲ್ಲ ನಂಗೆ" ಎಂದ.

ಸಿಟ್ಟಂತೆ. ನನ್ನ ಮೇಲೆ! ಕೈಗೆ ಬಂದ ಕೆಲಸ ಕಳೆದುಕೊಂಡು, ಅಮ್ಮನನ್ನು ಮತ್ತೆ ಕೂಲಿಗೆ ದೂಡಿ, ನನ್ನನ್ನು ಊರೆದುರು ಸುಳ್ಳಿಯನ್ನಾಗಿ ಮಾಡಿ, ಈಗ ಇವನು ನನ್ನನ್ನು ಕ್ಷಮಿಸುತ್ತಾನೆ. ಅಳು ಬಂತು. ಪಾತ್ರೆ ತಿಕ್ಕುತ್ತ ಅತ್ತೆ.

ಇವನಿಗೆ ನೆನಪಿಲ್ಲದಿದ್ದರೆ ಬೇಡ. ನನಗೆ ನಿನ್ನೆ ನಡೆದ ಹಾಗಿದೆ. ನೀಲಿ ಚೌಕಳಿ ಅಂಗಿ ಹಾಕಿಕೊಂಡು ಬಸರಿ ಮರದ ಹಿಂದಿನಿಂದ ಬಂದ. ಒಂದೇ ಗುಟುಕಿಗೆ ಕುಡಿದು, ಮುಂಗೈಯಿಂದ ಬಾಯಿ ಒರೆಸಿಕೊಂಡು, ಲೋಟ ವಾಪಸ್ ಕೊಡುತ್ತಾ "ಬೆಲ್ಲ ಕಮ್ಮಿ ಆಗಿದೆ ಅಕ್ಕ" ಎಂದ. ಈ ಕೈಯಲ್ಲೇ ಲೋಟ ಇಸಿದುಕೊಂಡಿದ್ದೇನೆ. ಕುಡಿದವರು ಮರೆಯುತ್ತಾರೆ, ಅದರಲ್ಲಿ ಏನೂ ಆಶ್ಚರ್ಯವಿಲ್ಲ. ನಾನು ಕುಡಿದಿರಲಿಲ್ಲವಲ್ಲ.